ಇಟಾಲಿಯನ್ನಿಗೆ ಇಂಗ್ಲಿಷಿನ ಸುತ್ತುದಾರಿ ಬೇಡ

ಸಂಪಾದಕರಿಗೆ ನಮಸ್ಕಾರ.

ಹೊಸ ಭಾಷೆ ಕಲಿಯುವವರಿಗಾಗಿ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಒಂದೇ ಒಂದು ಮಾತು ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಯಿತು. ಯುರೋಪಿನ ಯಾವುದೇ ಭಾಷೆ ಕಲಿಯುವ ಮೊದಲು ಇಂಗ್ಲಿಷ್ ಉಚ್ಚಾರಣೆ ಗಟ್ಟಿ ಮಾಡಿಕೊಳ್ಳಿ, ಮಿಕ್ಕಿದ್ದು ತಾನಾಗಿ ಬರುತ್ತದೆ ಅಂತ ಬರೆದಿದ್ದರು. ಬೇರೆ ಭಾಷೆಗಳ ವಿಷಯಕ್ಕೆ ನಾನು ಹೋಗುವುದಿಲ್ಲ. ಇಟಾಲಿಯನ್ ಮಟ್ಟಿಗೆ ಇದು ತಲೆಕೆಳಗಾದ ಸಲಹೆ. ಹತ್ತು ತಿಂಗಳಿಂದ ಅದನ್ನೇ ಕಲಿಯುತ್ತಿದ್ದೇನೆ, ಅದರಲ್ಲಿ ಮೊದಲ ನಾಲ್ಕು ತಿಂಗಳು ನೀರಲ್ಲಿ ಹೋಮ ಮಾಡಿದಂತಾಗಿದ್ದು ಇಂಥದ್ದೇ ಸಲಹೆ ನಂಬಿ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಕತ್ತರಿ ಹಾಕಬೇಕಾದರೆ ಹಾಕಿ.

ನನಗೆ ಈ ಹುಚ್ಚು ಹಿಡಿದದ್ದು ಸೈಕಲ್ ರೇಸಿನಿಂದ. ಇಟಲಿಯಲ್ಲಿ ಮೇ ತಿಂಗಳ ಹೊತ್ತಿಗೆ ಮೂರು ವಾರ ನಡೆಯುವ ಜೀರೊ ದಿತಾಲ್ಯ ಅನ್ನುವ ರೇಸು. 1909ರಲ್ಲಿ ಅದನ್ನು ಶುರು ಮಾಡಿದ್ದು ಒಂದು ಪತ್ರಿಕೆ, ಗುಲಾಬಿ ಕಾಗದದಲ್ಲಿ ಅಚ್ಚಾಗುವ ಗದ್ಜೆತ್ತ ದೆಲ್ಲೊ ಸ್ಪೊರ್ತ್. ಆ ಕಾಗದದ ಬಣ್ಣವನ್ನೇ ಹಿಡಿದು 1931ರಿಂದ ಮುಂದಿರುವ ಸವಾರನಿಗೆ ಗುಲಾಬಿ ಅಂಗಿ ತೊಡಿಸುತ್ತಾರೆ. ಇಂಗ್ಲಿಷ್ ವೀಕ್ಷಕ ವಿವರಣೆಯಲ್ಲಿ ಒಂದೊಂದು ಹೆಸರನ್ನೂ ಮೂರು ಥರ ಹೇಳುವುದು ಕೇಳಿ ಕೇಳಿ ಬೇಜಾರಾಗಿ, ಮೂಲದವರು ಏನನ್ನುತ್ತಾರೆ ನೋಡೋಣ ಅಂತ ಒಂದು ದಿನ ಇಟಾಲಿಯನ್ ವಿವರಣೆ ಹಾಕಿದೆ. ಅರ್ಥ ಒಂದೂ ಆಗಲಿಲ್ಲ. ಆದರೆ ಸದ್ದು ಮಾತ್ರ ಎಲ್ಲೋ ನೋಡಿದ ಮುಖದ ಹಾಗಿತ್ತು. ಪದಗಳೆಲ್ಲ ಸ್ವರದಲ್ಲಿ ಮುಗಿಯುತ್ತವೆ, ಮಧ್ಯೆ ಮಧ್ಯೆ ಒತ್ತಕ್ಷರ, ನಾಲಿಗೆ ಹಲ್ಲಿಗೆ ತಾಗುವ ತ, ದ. ಇದು ನಮ್ಮ ಕಿವಿಗೆ ಹೊಸದಲ್ಲ ಅಲ್ವಾ, ಅನ್ನಿಸಿತು.

ಆ ಅನ್ನಿಸಿಕೆಯನ್ನೇ ನಂಬಿದ್ದರೆ ಆಗುತ್ತಿತ್ತು. ನಂಬಲಿಲ್ಲ. ಇಂಗ್ಲಿಷಿನವರಿಗಾಗಿ ಬರೆದ ಒಂದು ಪುಸ್ತಕ ತಂದೆ, ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡೆ. ಪುಸ್ತಕದ ಮೊದಲ ಹದಿನೈದು ಪುಟ ಪೂರ್ತಿ ಉಚ್ಚಾರಣೆಯ ಪಾಠ, ಈ ಅಕ್ಷರ ಇಂಗ್ಲಿಷಿನ ಇಂಥ ಪದದಲ್ಲಿ ಇರುವ ಹಾಗೆ, ಆ ಅಕ್ಷರ ಅಂಥ ಪದದಲ್ಲಿ ಇರುವ ಹಾಗೆ ಅಂತ. ಎರಡೆರಡು ಸಲ ಬರೆದ ವ್ಯಂಜನ ಹೇಗೆ ಹೇಳಬೇಕು ಅನ್ನುವುದಕ್ಕೆ ಮುಕ್ಕಾಲು ಪುಟ ಒದ್ದಾಡಿದ್ದರು. ಪಾಪ, ಅವರ ತಪ್ಪೇನಿಲ್ಲ. ಇಂಗ್ಲಿಷಿನಲ್ಲಿ ಡಿನ್ನರ್ ಪದಕ್ಕೆ ಎರಡು ಎನ್ ಬರೆದರೂ ಬಾಯಲ್ಲಿ ಒಂದೇ ಬರುತ್ತದೆ. ಎರಡನ್ನೂ ನುಡಿಯುವ ಅಭ್ಯಾಸವೇ ಅವರಿಗಿಲ್ಲ. ನಾನು ಕನ್ನಡದವನು ಅನ್ನುವುದನ್ನು ಮರೆತು ಅವರ ಜೊತೆ ಕೂತು ಒದ್ದಾಡಿದೆ.

ಅದರ ಫಲ ಸಿಕ್ಕಿದ್ದು ಮೊದಲ ಆನ್‌ಲೈನ್ ಪಾಠದಲ್ಲಿ. ಕಲಿಸುವವರು ಇಟಲಿಯವರೇ. ವಯಸ್ಸೆಷ್ಟು ಅಂತ ಕೇಳಿದರು. ಇಟಾಲಿಯನ್ನಿನಲ್ಲಿ 'ನನ್ನ ಹತ್ತಿರ ಇಷ್ಟು ವರ್ಷ ಇದೆ' ಅನ್ನಬೇಕು, ವರ್ಷಗಳು ಅನ್ನುವುದಕ್ಕೆ ಅವರ ಪದ 'ಅನ್ನಿ'. ನಾನು ಪುಸ್ತಕದ ಶಿಷ್ಯ, ಘನವಾಗಿ 'ಆನಿ' ಅಂದೆ. ಆಯಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಒತ್ತಕ್ಷರ ಬಿಟ್ಟರೆ ಅದು ದೇಹದ ಹಿಂಭಾಗದ ಒಂದು ಅಂಗ, ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ. ಅಂಥದ್ದು ನನ್ನ ಹತ್ತಿರ 52 ಇದೆ ಅಂತ ಹೇಳಿದ್ದೆ. ನಗು ತಡೆದುಕೊಂಡು ಅವರು ನಿಧಾನವಾಗಿ ಅ-ನ್-ನಿ ಅಂದರು. ಸುಮ್ನೆ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆ: ಅನ್ನಿ. ಬರೆದ ಮೇಲೆ ನೋಡುತ್ತೇನೆ, ಬನ್ನಿ, ತನ್ನಿ, ಅನ್ನಿ! ದಿನಾ ನೂರು ಸಲ ಬಾಯಲ್ಲಿ ಬರುವ ಸದ್ದು. ಅದನ್ನು ಕಲಿಯೋಕೆ ನಾಲ್ಕು ತಿಂಗಳು ಇಂಗ್ಲಿಷ್ ಪುಸ್ತಕ ಓದಿದ್ದೆ.

ಅವತ್ತೇ ಪುಸ್ತಕ ಮುಚ್ಚಿಟ್ಟೆ. ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ಶುರು ಮಾಡಿದೆ. ಇದನ್ನೇ ನಿಮ್ಮ ಓದುಗರಿಗೂ ಹೇಳಬೇಕೂಂತ ಈ ಪತ್ರ.

ಒತ್ತಕ್ಷರದ ಮಾತನ್ನೇ ಮುಂದುವರಿಸುತ್ತೇನೆ, ಯಾಕೆಂದರೆ ಹೊರಗಿನವರು ಜಾಸ್ತಿ ಎಡವುವುದು ಇಲ್ಲೇ. ಕತೆ ಮತ್ತು ಕತ್ತೆ, ಹಳಿ ಮತ್ತು ಹಳ್ಳಿ, ಎಲೆ ಮತ್ತು ಎಲ್ಲೆ, ಇವುಗಳ ವ್ಯತ್ಯಾಸ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಟಾಲಿಯನ್ ತುಂಬಾ ಇಂಥ ಜೋಡಿಗಳೇ. ಸೇತೆ ಅಂದರೆ ಬಾಯಾರಿಕೆ, ಸೆತ್ತೆ ಅಂದರೆ ಏಳು. ನೋನೊ ಅಂದರೆ ಒಂಬತ್ತನೆಯ, ನೊನ್ನೊ ಅಂದರೆ ಅಜ್ಜ. ಪಾಲ ಅಂದರೆ ಸಲಿಕೆ, ಪಲ್ಲ ಅಂದರೆ ಚೆಂಡು. ಕಪೆಲ್ಲೊ ತಲೆಗೂದಲು, ಕಪ್ಪೆಲ್ಲೊ ತಲೆಗೆ ಹಾಕುವ ಟೋಪಿ. ಎಂಟಕ್ಕೆ ಒತ್ತೊ ಅನ್ನುತ್ತಾರೆ, ಹೆಸರಲ್ಲೇ ಒತ್ತು ಇದೆ! ಇಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಸೇತೆಯಲ್ಲಿ ಮೊದಲ ಸ್ವರ ಉದ್ದ, ಸೆತ್ತೆಯಲ್ಲಿ ಗಿಡ್ಡ. ಇಟಾಲಿಯನ್ನಿನಲ್ಲಿ ನಮ್ಮ ಹಾಗೆ ಹ್ರಸ್ವ, ದೀರ್ಘ ಅಂತ ಬೇರೆ ಬೇರೆ ಅಕ್ಷರ ಇಲ್ಲ. ಭಾರ ಬಿದ್ದ, ಅಂದರೆ ಪದದಲ್ಲಿ ಜೋರು ಕೊಟ್ಟು ಹೇಳುವ, ಸ್ವರದ ಮುಂದೆ ಒಂಟಿ ವ್ಯಂಜನ ಇದ್ದರೆ ಸ್ವರ ತಾನಾಗಿ ಎಳೆಯುತ್ತದೆ, ಒತ್ತಕ್ಷರ ಇದ್ದರೆ ಕುಗ್ಗುತ್ತದೆ. ಕನ್ನಡದಲ್ಲಿ ಬರೆದುಕೊಂಡರೆ ಎರಡೂ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ.

ಬಾಯಿ ಪಳಗಿಸೋಕೆ ಅಲ್ಲಿನ ಮಕ್ಕಳು ಹೇಳುವ ನಾಲಿಗೆ ತಿರುಚು ಒಂದಿದೆ: 'ಅಪೆಲ್ಲೆ, ಫಿಲ್ಯೊ ದಿ ಅಪೊಲ್ಲೊ, ಫೇಚೆ ಉನ ಪಲ್ಲ ದಿ ಪೆಲ್ಲೆ ದಿ ಪೊಲ್ಲೊ.' ಅಪೊಲ್ಲೊನ ಮಗ ಅಪೆಲ್ಲೆ ಕೋಳಿ ಚರ್ಮದಿಂದ ಚೆಂಡು ಮಾಡಿದ ಅಂತ ಅರ್ಥ. ಅರ್ಥ ಹಾಳಾಗಲಿ, ಒತ್ತಕ್ಷರದ ಮಳೆ ನೋಡಿ. ಇಂಗ್ಲಿಷ್ ಮಾತಾಡುವ ನನ್ನ ಸಹಪಾಠಿಯೊಬ್ಬರು ಮೂರು ವಾರ ಒದ್ದಾಡಿದ ಸಾಲು ಇದು. ನನಗೆ ಎರಡನೇ ಸಲಕ್ಕೇ ಬಂತು, ಸ್ವಲ್ಪ ಜಂಬವೂ ಬಂತು ಅನ್ನಿ.

ಎರಡನೆಯದು ತ, ದ. ಇಂಗ್ಲಿಷಿನ ಟಿ ಮತ್ತು ಡಿ ನಮ್ಮ ಕಿವಿಗೆ ಟ, ಡ ಆಗಿ ಕೇಳುತ್ತವೆ, ಹಾಗಾಗಿ ರೋಮನ್ ಅಕ್ಷರ ಕಂಡ ಕೂಡಲೇ ಕೈ ಟ, ಡ ಬರೆಯುತ್ತದೆ. ಇಟಾಲಿಯನ್ನಿನಲ್ಲಿ ಟ ಇಲ್ಲ, ಡ ಇಲ್ಲ. ನಾಲಿಗೆ ಹಲ್ಲಿಗೇ ತಾಗಬೇಕು. ಪಾಸ್ಟಾ ಅಲ್ಲ, ಪಾಸ್ತ. ಟಿರಾಮಿಸು ಅಲ್ಲ, ತಿರಮಿಸು, ಭಾರ ಕೊನೆಯ ಸು ಮೇಲೆ. ಡಾಂಟೆ ಅಲ್ಲ, ದಾಂತೆ. ಹಲ್ಲಿಗೆ ಅವರು ದೆಂತೆ ಅನ್ನುತ್ತಾರೆ. ನಾವು ಸಂಸ್ಕೃತದಿಂದ ತಂದುಕೊಂಡ ದಂತಕ್ಕೆ ಅದು ದೂರದ ನೆಂಟ, ಆ ಪದ ಹೇಳುವಾಗ ನಾಲಿಗೆ ಎರಡು ಸಲ ಹಲ್ಲು ಮುಟ್ಟಿ ಬರುತ್ತದೆ. ಜೊತೆಗೆ, ಇಂಗ್ಲಿಷಿನವರು ಪದದ ಮೊದಲಲ್ಲಿ ಬರುವ ಪ, ತ, ಕಗಳ ಮೇಲೆ ಉಫ್ ಅಂತ ಸ್ವಲ್ಪ ಗಾಳಿ ಬಿಡುತ್ತಾರೆ. ಇಟಾಲಿಯನ್ನಿನಲ್ಲಿ ಆ ಗಾಳಿ ಇಲ್ಲ. ನಮ್ಮ ಪ, ತ, ಕಗಳಲ್ಲೂ ಇಲ್ಲ. ಬಾಯಿ ಮುಂದೆ ತೆಳು ಕಾಗದದ ಚೂರು ಹಿಡಿದು ಹೇಳಿ ನೋಡಿ, ಅದು ಅಲುಗಬಾರದು.

ಇನ್ನು ಅಕ್ಕನ ಕತೆ. ಇಟಾಲಿಯನ್ನಿನಲ್ಲಿ ಎಚ್ ಅಕ್ಷರದ ಹೆಸರೇ ಅಕ್ಕ. ನಾನು ಕಟ್ಟಿದ್ದಲ್ಲ, ನಿಜವಾಗಿಯೂ ಹಾಗೇ ಅನ್ನುತ್ತಾರೆ. ಈ ಅಕ್ಕ ಎಂದೂ ಬಾಯಿ ಬಿಡುವುದಿಲ್ಲ. ಇಟಾಲಿಯನ್ನಿನಲ್ಲಿ ಹಕಾರ ಇಲ್ಲವೇ ಇಲ್ಲ. ಆದರೆ ಪಕ್ಕದವರನ್ನು ಗದರಿಸಿ ಸುಮ್ಮನಿರಿಸುತ್ತಾಳೆ. ಸಿ ಅಕ್ಷರದ ಮುಂದೆ ಎ, ಇ ಸ್ವರ ಬಂದರೆ ಅದು ಚೆ, ಚಿ ಆಗಬೇಕು. ನಡುವೆ ಅಕ್ಕ ಬಂದು ನಿಂತಳೋ, ಕೆ, ಕಿ. ಜಿ ಅಕ್ಷರವೂ ಹಾಗೇ, ಜೆ, ಜಿ ಆಗುವುದು ಅಕ್ಕ ಬಂದರೆ ಗೆ, ಗಿ. ಬ್ರುಸ್ಕೆತ್ತ ಅನ್ನುವ ಸುಟ್ಟ ಬ್ರೆಡ್ಡಿನ ತಿಂಡಿಯನ್ನು ಅರ್ಧ ಜಗತ್ತು ಬ್ರುಶೆಟಾ ಅನ್ನುವುದು ಅಲ್ಲಿರುವ ಅಕ್ಕನನ್ನು ನೋಡದೆ. ಪೆಶ್ಶೆ ಅಂದರೆ ಮೀನು, ಅಕ್ಕ ಸೇರಿಕೊಂಡರೆ ಪೆಸ್ಕೆ, ಅಂದರೆ ಪೀಚ್ ಹಣ್ಣುಗಳು. ಏನೂ ಅರ್ಥವಾಗಲಿಲ್ಲ ಅನ್ನುವುದಕ್ಕೆ ಅವರ ಮಾತು 'ನೊನ್ ಕಪೀಸ್ಕೊ ಉನಕ್ಕ', ಒಂದು ಎಚ್ಚಿನಷ್ಟೂ ಅರ್ಥವಾಗಲಿಲ್ಲ ಅಂತ. ನನಗೆ ಮೊದಲು ಬಾಯಿಪಾಠ ಆದ ವಾಕ್ಯ ಇದು. ತುಂಬಾ ಉಪಯೋಗಕ್ಕೂ ಬಂತು.

ಇದರ ಇನ್ನೊಂದು ಮುಖ ಐ ಅಕ್ಷರ. ಚಾವೊ ಬರೆಯುವಾಗ ಸಿ ಆದ ಮೇಲೆ ಒಂದು ಐ ಇದೆ. ಅದು ನುಡಿಯೋಕಲ್ಲ, ಈ ಸಿ ಚ ಆಗುತ್ತದೆ, ಕ ಅಲ್ಲ ಅಂತ ತೋರಿಸೋಕೆ ನಿಲ್ಲಿಸಿದ ಕೈಮರ. ಜೊವನ್ನಿ ಹೆಸರಲ್ಲೂ ಹಾಗೇ. ಅದನ್ನು ಜಿಯೊವಾನಿ ಅಂದರೆ ಕೈಮರವನ್ನೇ ಊರು ಅಂದುಕೊಂಡ ಹಾಗೆ. ಲುಚೀಅ ಥರದ ಹೆಸರಲ್ಲಿ ಮಾತ್ರ ಭಾರ ಆ ಐ ಮೇಲೇ ಬೀಳುವುದರಿಂದ ಅದು ಬಾಯಿಗೂ ಬರುತ್ತದೆ.

ನಮ್ಮ ವರ್ಣಮಾಲೆಯಲ್ಲಿ ಞ ಅಂತ ಒಂದಕ್ಷರ ಇದೆಯಲ್ಲ, ಚ ಛ ಜ ಝ ಆದ ಮೇಲೆ. ಅದು ಯಾವುದಕ್ಕೆ ಬೇಕು ಅಂತ ಚಿಕ್ಕಂದಿನಲ್ಲಿ ಎಲ್ಲರೂ ಕೇಳಿರುತ್ತೇವೆ. ಇದಕ್ಕೆ ಬೇಕು! ಇಟಾಲಿಯನ್ನಿನಲ್ಲಿ ಜಿ ಮತ್ತು ಎನ್ ಒಟ್ಟಿಗೆ ಬಂದರೆ ಅದು ಅಪ್ಪಟ ಞ, ಸ್ವರಗಳ ನಡುವೆ ಬಂದರೆ ಒತ್ತು ಹಾಕಿದ ಞ್ಞ. ಬಞ್ಞೊ ಅಂದರೆ ಬಚ್ಚಲು, ಬೊಲೊಞ್ಞ ಅಂದರೆ ಆ ಹೆಸರಿನ ಊರು. ಇಂಗ್ಲಿಷ್ ಪುಸ್ತಕ ಇದಕ್ಕೆ ಆನಿಯನ್ ಪದ ನೋಡಿಕೋ ಅಂದಿತ್ತು. ಯಾಕೆ ನೋಡಬೇಕು? ಜಿ, ಎಲ್, ಐ ಸೇರಿದ್ದು ಮಾತ್ರ ನಮ್ಮಲ್ಲಿಲ್ಲ. ಫಿಲ್ಯೊ, ಫಮಿಲ್ಯ ಅಂತ ಬರೆದುಕೊಂಡಿದ್ದೇನೆ, ಆದರೆ ಅದು ಲ್ ಆಮೇಲೆ ಯ ಅಲ್ಲ, ನಾಲಿಗೆಯ ನಡುಭಾಗ ಅಂಗುಳಕ್ಕೆ ಅಂಟಿ ಒಂದೇ ಸಲಕ್ಕೆ ಬರುವ ಸದ್ದು. ಇವತ್ತಿಗೂ ಹತ್ತರಲ್ಲಿ ನಾಲ್ಕು ಸಲ ತಪ್ಪುತ್ತದೆ.

ಝಡ್ ಅಕ್ಷರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಿತ್ಸದಲ್ಲಿ ಅದು ಉತ್ಸವದ ತ್ಸ, ಗದ್ಜೆತ್ತದಲ್ಲಿ ದ್ಜ. ಬರಹ ಒಂದೇ, ಸದ್ದು ಎರಡು. ಪದದ ಜೊತೆಗೇ ಕಲಿಯಬೇಕು.

ಇಷ್ಟು ಹೇಳಿದರೆ ಕನ್ನಡದವರಿಗೆ ಎಲ್ಲಾ ಸಲೀಸು ಅಂದ ಹಾಗಾಗುತ್ತದೆ. ಹಾಗಿಲ್ಲ. ನಮ್ಮ ಬಾಯಿಗೂ ಕೆಲವು ಚಾಳಿಗಳಿವೆ. ಎಲ್ಲಿ ಅನ್ನುವಾಗ ನಮಗೇ ಗೊತ್ತಿಲ್ಲದೆ ಯೆಲ್ಲಿ ಅನ್ನುತ್ತೇವೆ, ಒಂದು ಹೋಗಿ ವೊಂದು ಆಗುತ್ತದೆ. ಇಟಾಲಿಯನ್ನಿನಲ್ಲಿ 'ಇದೆ' ಅನ್ನುವುದಕ್ಕೆ ಬರೀ ಎ. ನಾನು ಯೆ ಅನ್ನುತ್ತಿದ್ದೆ. ಇವತ್ತು ಅನ್ನುವ ಒಜ್ಜಿ ನನ್ನ ಬಾಯಲ್ಲಿ ವೊಜ್ಜಿ. ಎರಡು ಸ್ವರ ಪಕ್ಕಪಕ್ಕ ಬಂದರೆ ನಮಗೆ ತಡೆಯೋಕಾಗುವುದಿಲ್ಲ, ನಡುವೆ ಒಂದು ಯ, ವ ತೂರಿಸುತ್ತೇವೆ, ಅದಕ್ಕೊಂದು ಸಂಧಿಯ ಹೆಸರೂ ಇಟ್ಟಿದ್ದೇವೆ. ಅವರು ಪೊಎತ, ಇದೇಅ ಅಂತ ಸ್ವರಗಳನ್ನು ಹಾಗೇ ಪಕ್ಕಪಕ್ಕ ನಿಲ್ಲಿಸುತ್ತಾರೆ. ನಮ್ಮ ವ ತುಟಿಗಳ ಕೆಲಸ, ಗಾಳಿ ಉಜ್ಜುವುದಿಲ್ಲ. ಅವರ ವೀನೊ ಹೇಳೋಕೆ ಕೆಳತುಟಿಯನ್ನು ಮೇಲಿನ ಹಲ್ಲಿಗೆ ತಾಗಿಸಿ ಗಾಳಿ ಬಿಡಬೇಕು. ಮತ್ತೆ ಅ. ನಮ್ಮ ಹ್ರಸ್ವ ಅ ಅರ್ಧ ಬಾಯಿ ತೆರೆದು ಹೇಳುವಂಥದ್ದು. ಅವರದು ಆ ಹೇಳುವಷ್ಟೇ ಬಾಯಿ ತೆರೆದು, ಅರ್ಧ ಹೊತ್ತಿಗೇ ನಿಲ್ಲಿಸುವಂಥದ್ದು. ಪಲ್ಲ ಅಂತ ಬರೆದುಕೊಂಡರೂ ಹೇಳುವಾಗ ಬಾಯಿ ದೊಡ್ಡದಾಗಬೇಕು. ಇದನ್ನು ಯಾವ ಇಂಗ್ಲಿಷ್ ಪುಸ್ತಕವೂ ಹೇಳಲಿಲ್ಲ, ಅವರಿಗೆ ನಮ್ಮ ಅ ಏನು ಗೊತ್ತು!

ನಿಜವಾಗಿ ಕಷ್ಟದ್ದು ಭಾರ ಎಲ್ಲಿ ಬೀಳುತ್ತದೆ ಅನ್ನುವುದು. ಇಟಾಲಿಯನ್ ಬರೆದ ಹಾಗೇ ಓದುವ ಭಾಷೆ ಅನ್ನುತ್ತಾರಲ್ಲ, ಅದು ಮುಕ್ಕಾಲು ನಿಜ. ಸಾಮಾನ್ಯವಾಗಿ ಭಾರ ಕೊನೆಯಿಂದ ಎರಡನೆಯ ಅಕ್ಷರಕ್ಕೆ. ಆದರೆ ಎಷ್ಟೋ ಪದಗಳಲ್ಲಿ ಇನ್ನೂ ಹಿಂದಕ್ಕೆ ಸರಿಯುತ್ತದೆ, ಬರಹದಲ್ಲಿ ಯಾವ ಗುರುತೂ ಇರುವುದಿಲ್ಲ. ಗುರುತು ಹಾಕುವುದು ಭಾರ ಕಟ್ಟಕೊನೆಗೆ ಬಿದ್ದಾಗ ಮಾತ್ರ. ಪಾಪ ಅಂದರೆ ಪೋಪ್. ಅದೇ ಭಾರ ಕೊನೆಯ 'ಪ' ಮೇಲೆ ಬಿದ್ದರೆ ಅಪ್ಪ. ಕಪೀತೊ ಅಂದರೆ ಅರ್ಥವಾಯಿತು, ಕಾಪಿತೊ ಅಂದರೆ ಬೇರೆಯೇ ಕ್ರಿಯಾಪದ. 'ಅವರು ವಾಸಿಸುತ್ತಾರೆ' ಅನ್ನುವುದನ್ನು ನಾನು ಎಷ್ಟೋ ದಿನ ಅಬಿತಾನೊ ಅಂತಿದ್ದೆ, ಅದು ಆಬಿತನೊ. ಕನ್ನಡದಲ್ಲಿ ಬರೆದುಕೊಳ್ಳುವಾಗ, ಭಾರ ಬಿದ್ದ ಸ್ವರದ ಮುಂದೆ ಒಂಟಿ ವ್ಯಂಜನ ಇದ್ದರೆ ದೀರ್ಘ ಹಾಕಿಬಿಡಿ, ಓದುವಾಗ ತಾನಾಗಿ ಸರಿ ಬರುತ್ತದೆ. ಕಟ್ಟಕೊನೆಯ ಭಾರಕ್ಕೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಎಳೆಯಬಾರದು, ಗಕ್ಕನೆ ನಿಲ್ಲಿಸಬೇಕು. ಅದಕ್ಕೆ ನಾನು ಮೇಲೊಂದು ಗೀಟು ಹಾಕಿಕೊಳ್ಳುತ್ತೇನೆ.

ಊರ ಹೆಸರುಗಳು ಇದಕ್ಕೆ ಒಳ್ಳೆ ಅಭ್ಯಾಸ. ಫೋನಿನಲ್ಲಿ ಹೆಸರಿನ ಕಾಗುಣಿತ ಹೇಳುವಾಗ ಇಟಲಿಯವರು ಅಕ್ಷರಕ್ಕೊಂದು ಊರು ಹೇಳುತ್ತಾರೆ, ಅ ಅಂದರೆ ಅಂಕೋನ, ಆಮೇಲೆ ಬೊಲೊಞ್ಞ, ಕೋಮೊ, ಜೇನೊವ, ಈಮೊಲ, ಮಿಲಾನೊ, ನಾಪೊಲಿ, ತೊರೀನೊ, ಊದಿನೆ ಹೀಗೆ. ನನ್ನ ಹೆಸರನ್ನು ಈ ಊರುಗಳ ಸಾಲಾಗಿ ದಿನಾ ಒಂದು ಸಲ ಹೇಳುತ್ತೇನೆ. ಕೂತಲ್ಲೇ ಇಟಲಿ ಸುತ್ತಿದ ಹಾಗೆ. ಅನುಮಾನ ಬಂದರೆ ಅವರ ಸರ್ಕಾರಿ ಪ್ರಸಾರ ಸಂಸ್ಥೆ ರಾಯ್ 1969ರಲ್ಲಿ ಹೊರತಂದ ಉಚ್ಚಾರಣೆ ನಿಘಂಟು ಈಗ ಇಂಟರ್ನೆಟ್ಟಿನಲ್ಲೇ ಇದೆ.

ಎ, ಒ ಸ್ವರಗಳು ತಲಾ ಎರಡೆರಡು ಥರ ಇವೆ, ಬಾಯಿ ಅಗಲಿಸಿದ್ದು ಮತ್ತು ಕಿರಿದಾಗಿಸಿದ್ದು. ಐದು ಅಕ್ಷರಕ್ಕೆ ಏಳು ಸ್ವರ. ನನ್ನ ಬಾಯಲ್ಲಿ ಬೆಟ್ಟದ ಎ ಅಗಲ, ಬೆಳ್ಳಿಯ ಎ ಕಿರಿದು, ಹೆಚ್ಚುಕಡಿಮೆ ಅದೇ ವ್ಯತ್ಯಾಸ. ಪೆಸ್ಕ ಅನ್ನುವ ಪದ ಅಗಲ ಎ ಇದ್ದರೆ ಪೀಚ್ ಹಣ್ಣು, ಕಿರಿದಾದರೆ ಮೀನು ಹಿಡಿಯುವುದು. ಮೊದಲ ದಿನದಿಂದಲೇ ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ ಅಂತ ನನ್ನ ಸಲಹೆ, ಯಾಕೆಂದರೆ ಅವರಲ್ಲೇ ಒಮ್ಮತ ಇಲ್ಲ. 'ಯಾಕೆ' ಅನ್ನುವ ಪೆರ್ಕೆ ಪದದ ಕೊನೆಯ ಎ ಶಿಷ್ಟ ಉಚ್ಚಾರಣೆಯಲ್ಲಿ ಕಿರಿದು, ಮಿಲಾನೊದವರು ಅಗಲಿಸುತ್ತಾರೆ. ಮನೆಗೆ ಕೆಲವರು ಕಾಸ ಅಂದರೆ ಉತ್ತರದವರು ಕಾಜ಼ ಅನ್ನುತ್ತಾರೆ. ಶಿಷ್ಟ ಭಾಷೆ 14ನೇ ಶತಮಾನದ ಫಿರೆಂತ್ಸೆಯ, ಅಂದರೆ ಫ್ಲಾರೆನ್ಸಿನ, ನುಡಿಯ ಮೇಲೆ ನಿಂತಿದೆ. 1861ರಲ್ಲಿ ದೇಶ ಒಂದಾದಾಗ ಅದನ್ನು ಆಡುತ್ತಿದ್ದವರು ನೂರಕ್ಕೆ ಎರಡೂವರೆ ಮಂದಿ ಅಂತ ಭಾಷಾ ವಿದ್ವಾಂಸ ತುಲ್ಲಿಯೊ ದೆ ಮಾವ್ರೊ ಲೆಕ್ಕ ಹಾಕಿದ್ದರು. ಉಳಿದವರಿಗೆಲ್ಲ ಅವರವರ ಊರ ನುಡಿ. ಈಗ ಹೆಚ್ಚುಕಡಿಮೆ ಎಲ್ಲರಿಗೂ ಇಟಾಲಿಯನ್ ಬರುತ್ತದೆ, ಆದರೂ ಊರಿನ ರಾಗ ಉಳಿದಿದೆ. ತಮಾಷೆ ಅಂದರೆ ಆ ಫಿರೆಂತ್ಸೆಯವರೇ ಮಾತಾಡುವಾಗ ಎರಡು ಸ್ವರಗಳ ನಡುವಿನ ಕವನ್ನು ಹ ಮಾಡುತ್ತಾರೆ, ಲ ಕಾಸ ಹೋಗಿ ಲ ಹಾಸ. ಪಾಲನ್ನು ಹಾಲು ಮಾಡಿಕೊಂಡ ನಮಗೆ ನಗೋಕೆ ಹಕ್ಕಿಲ್ಲ ಬಿಡಿ.

ಕೊನೆಗೆ ನಿಮ್ಮ ಪತ್ರಿಕೆಗೇ ಒಂದು ಮನವಿ. ವೆನಿಸ್, ರೋಮ್, ಫ್ಲಾರೆನ್ಸ್ ಅಂತ ಇಂಗ್ಲಿಷಿನಿಂದ ಬಂದ ಊರ ಹೆಸರುಗಳು ಬಳಕೆಯಲ್ಲಿ ಬೇರುಬಿಟ್ಟಿವೆ, ಅವನ್ನು ಅಲುಗಿಸುವುದು ಬೇಡ. ಮನುಷ್ಯರ ಹೆಸರು ಹಾಗಲ್ಲ. ಸುದ್ದಿ ಇಂಗ್ಲಿಷಿನಲ್ಲಿ ಬರುತ್ತದೆ, ಅಲ್ಲಿ ಕಂಡ ಅಕ್ಷರವನ್ನು ಇಂಗ್ಲಿಷ್ ಕಿವಿಯಿಂದ ಕೇಳಿ ಕನ್ನಡಕ್ಕೆ ಇಳಿಸುತ್ತೇವೆ. ಮಿಕೆಲಾಂಜೆಲೊ ಮೈಕೆಲೆಂಜೆಲೊ ಆದದ್ದು ಹೀಗೆ. ಲೆಒನಾರ್ದೊ ದ ವಿಂಚಿ ಇದ್ದಬದ್ದ ದಕಾರವನ್ನೆಲ್ಲ ಕಳೆದುಕೊಂಡು ಲಿಯೊನಾರ್ಡೊ ಡಾ ವಿಂಚಿ ಆದದ್ದೂ ಹೀಗೇ. ಆ ದಕಾರ ಬರೆಯೋಕೆ ಬಾರದ ಲಿಪಿಯವರಾದರೆ ಅದು ಬೇರೆ ಮಾತು. ನಮ್ಮಲ್ಲಿ ದ ಇದೆ, ತ ಇದೆ, ಒತ್ತಕ್ಷರ ಇದೆ, ಞ ಕೂಡ ಇದೆ. ಹಳಬರ ಹೆಸರು ಹೇಗೋ ರೂಢಿಯಾಯಿತು, ಹೊಸಬರಿಂದಲಾದರೂ ಶುರು ಮಾಡಬಹುದು. 2022ರಲ್ಲಿ ಇಟಲಿಯ ಪ್ರಧಾನಿಯಾದ ಮೆಲೋನಿಯವರನ್ನು ಜಾರ್ಜಿಯಾ ಅಂತ ಬರೆಯುವುದನ್ನು ಹೋದಲ್ಲಿ ಬಂದಲ್ಲಿ ನೋಡುತ್ತೇನೆ. ಅವರ ಹೆಸರಲ್ಲಿರುವ ಐ ಎರಡೂ ಸಲ ಬರೀ ಕೈಮರ. ಅವರ ಊರವರು ಕರೆಯುವುದು ಜೋರ್ಜ ಮೆಲೋನಿ ಅಂತ. ಹಾಗೆ ಬರೆದರೆ ತಲೆಬರಹದಲ್ಲಿ ನಿಮಗೆ ಒಂದಕ್ಷರದ ಜಾಗವೂ ಉಳಿಯುತ್ತದೆ.

ಇಂತಿ,
ನಿಮ್ಮ ಹಳೆಯ ಓದುಗ